ಪಿಕಲ್‌ಬಾಲ್ ಅಂಕಣ ಮತ್ತು ಪಕ್ಕದ ಮನೆಯವರು

ಸಿಯಾಟಲ್ ಸಮೀಪದ ನಮ್ಮ ಬಡಾವಣೆಯಲ್ಲಿ ಜೂನ್ ತಿಂಗಳ ಬೆಳಕು ರಾತ್ರಿ ಒಂಬತ್ತರವರೆಗೂ ಉಳಿದಿರುತ್ತದೆ. ಅಷ್ಟು ಹೊತ್ತೂ ಉದ್ಯಾನದ ಕಡೆಯಿಂದ ಟಕ್ ಟಕ್ ಸದ್ದು ಕೇಳಿಬರುತ್ತದೆ. ಅದು ಪಿಕಲ್‌ಬಾಲ್. ಉಪ್ಪಿನಕಾಯಿಗೂ ಚೆಂಡಿಗೂ ಎಲ್ಲಿಯ ನಂಟು ಎಂದು ಹಾಸನದಿಂದ ಅತ್ತಿಗೆ ಫೋನಿನಲ್ಲಿ ಕೇಳಿದರು. ಆ ಹೆಸರು ಹೇಗೆ ಬಂತೆಂಬ ಬಗ್ಗೆ ಇಲ್ಲಿಯವರಲ್ಲಿಯೇ ಒಮ್ಮತವಿಲ್ಲ.

ಆಟ ಹುಟ್ಟಿದ್ದು 1965ರಲ್ಲಿ, ಸಿಯಾಟಲ್‌ನಿಂದ ಹಡಗಿನಲ್ಲಿ ಅರ್ಧ ಗಂಟೆಯ ದಾರಿಯಾದ ಬೇನ್‌ಬ್ರಿಜ್ ದ್ವೀಪದಲ್ಲಿ. ಮುಂದೆ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಜೋಯಲ್ ಪ್ರಿಚರ್ಡ್ ಮತ್ತು ಗೆಳೆಯರು ಬ್ಯಾಡ್ಮಿಂಟನ್ ಅಂಕಣದಲ್ಲಿ, ತೂತುಗಳಿದ್ದ ಪ್ಲಾಸ್ಟಿಕ್ ಚೆಂಡಿನಿಂದ ಇದನ್ನು ರೂಪಿಸಿದರು. 2022ರಲ್ಲಿ ಇದು ವಾಷಿಂಗ್ಟನ್ ರಾಜ್ಯದ ಅಧಿಕೃತ ಕ್ರೀಡೆಯಾಯಿತು.

ಶಾಲೆಯಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದ್ದ ನನಗೆ ಇದು ಸುಲಭವೆನಿಸಿತ್ತು. ಆ ಅಭ್ಯಾಸವೇ ಅಡ್ಡಿಯಾಯಿತು. ಅಲ್ಲಿ ಚೆಂಡು ನೆಲ ಮುಟ್ಟಿದರೆ ಮುಗಿಯಿತು. ಇಲ್ಲಿ ಸರ್ವ್ ಮಾಡಿದ ಚೆಂಡು ಎದುರಾಳಿಯ ಕಡೆ ಒಮ್ಮೆ, ಮರಳಿ ಬಂದಾಗ ನಮ್ಮ ಕಡೆ ಒಮ್ಮೆ ಪುಟಿಯಲೇಬೇಕು. ಆಮೇಲಷ್ಟೇ ಗಾಳಿಯಲ್ಲಿ ಹೊಡೆಯಬಹುದು. ನೆಟ್‌ನ ಎರಡೂ ಬದಿಯ ಏಳು ಅಡಿ ಜಾಗಕ್ಕೆ ‘ಕಿಚನ್’ ಎಂದು ಹೆಸರು. ಅದರೊಳಗೆ ನಿಂತು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹೊಡೆದ ರಭಸದಲ್ಲಿ ಗೆರೆ ತುಳಿದರೂ ತಪ್ಪೇ. ಸಾಮಾನ್ಯ ಆಟದಲ್ಲಿ ಸರ್ವ್ ಮಾಡುವ ಕಡೆಗೆ ಮಾತ್ರ ಅಂಕ. 11 ಅಂಕ, ಎರಡರ ಅಂತರವಿದ್ದರೆ ಗೆಲುವು. ಮೊದಲ ವಾರ ನಾನು ಸೋತದ್ದೆಲ್ಲ ಜೋರಾಗಿ ಹೊಡೆದೇ. ನೆಟ್‌ನ ಆಚೆಗೆ ಚೆಂಡನ್ನು ಮೆಲ್ಲನೆ ಇಳಿಸುವ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನನ್ನನ್ನು ಲೀಲಾಜಾಲವಾಗಿ ಮಣಿಸಿದರು.

ಒಂಬತ್ತು ವರ್ಷ ಕೈಬೀಸುವ ಪರಿಚಯವಷ್ಟೇ ಇದ್ದ ನೆರೆಹೊರೆಯವರ ಹೆಸರು ನನಗೆ ತಿಳಿದದ್ದು ಇಲ್ಲಿ. ಪ್ಯಾಡಲನ್ನು ಸಾಲಿನಲ್ಲಿಟ್ಟು ಕಾದರೆ ಸಾಕು, ಮುಂದಿನ ನಾಲ್ವರಲ್ಲಿ ನೀವೂ ಒಬ್ಬರು. ಆಹ್ವಾನ ಬೇಡ, ಜೊತೆಗಾರರನ್ನು ಕರೆತರಬೇಕಿಲ್ಲ. ಆರು ತಿಂಗಳಿಗೆಂದು ಬಂದು ಕಿಟಕಿಯ ಬಳಿ ಹಗಲು ಕಳೆಯುತ್ತಿದ್ದ ನನ್ನ ತಂದೆಯೂ ಈಗ ಸಂಜೆಗಾಗಿ ಕಾಯುತ್ತಾರೆ. ಹಿರಿಯರನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು: ಸಂದರ್ಶಕ ವೀಸಾದವರಿಗೆ ಇಲ್ಲಿನ ಮೆಡಿಕೇರ್ ದೊರೆಯದು. ಕೊಳ್ಳುವ ವಿಮೆಯಲ್ಲಿ ಆಟದ ಗಾಯಕ್ಕೆ ರಕ್ಷಣೆಯಿದೆಯೇ ಎಂದು ಓದಿ ನೋಡಿ. ಹಿಂದಕ್ಕೆ ಓಡುತ್ತಾ ಚೆಂಡು ಹಿಡಿಯಹೋಗಿ ಬೀಳುವುದು ಹೊಸಬರಿಗೆ ತೀರ ಸುಲಭ.

ಆದರೆ ಈ ಅಂಗಳ ಎಲ್ಲರಿಗೂ ಹಿತವಲ್ಲ. ಒಂದು ಟೆನಿಸ್ ಕೋರ್ಟಿನ ಜಾಗದಲ್ಲಿ ನಾಲ್ಕು ಪಿಕಲ್‌ಬಾಲ್ ಅಂಕಣಗಳು ಹಿಡಿಸುತ್ತವೆ, ಟೆನಿಸಿಗರು ಸಿಟ್ಟಾಗಿದ್ದಾರೆ. ಗಡುಸು ಪ್ಯಾಡಲಿಗೆ ಪ್ಲಾಸ್ಟಿಕ್ ಚೆಂಡು ತಗುಲುವ ಚೂಪು ಸದ್ದಿನಿಂದ ಪಕ್ಕದ ಮನೆಯವರ ನಿದ್ದೆ ಕೆಡುತ್ತದೆ. ಡೆನ್ವರ್ ನಗರವು 2023ರಲ್ಲಿ ಇದೇ ಕಾರಣಕ್ಕೆ ಕಾಂಗ್ರೆಸ್ ಪಾರ್ಕಿನ ಅಂಕಣಗಳನ್ನು ಮುಚ್ಚಿತು. ನಮ್ಮ ಉದ್ಯಾನದ ಬಗ್ಗೆಯೂ ಸಭೆ ನಡೆಯಿತು. ಇಲ್ಲಿ ಮತದಾನದ ಹಕ್ಕಿಲ್ಲದ ನಾನು ಮೊದಲ ಬಾರಿಗೆ ಎದ್ದು ಎರಡು ನಿಮಿಷ ಮಾತನಾಡಿದೆ. ನನ್ನ ನಂತರ ಮಾತನಾಡಿದ ವೃದ್ಧರ ಮಲಗುವ ಕೋಣೆ ಅಂಕಣದ ಬೇಲಿಗೆ ತಾಗಿಯೇ ಇದೆಯಂತೆ. ಅವರ ಅಳಲನ್ನು ಕೇಳಿದ ಮೇಲೆ ನನ್ನ ವಾದದ ಬಿರುಸು ತಗ್ಗಿತು. ದಿನವಿಡೀ ಆಡಲು ಬಿಡಬೇಕೆಂಬ ಬೇಡಿಕೆ ಅನ್ಯಾಯವೆಂದೇ ಈಗ ನನ್ನ ಅಭಿಪ್ರಾಯ.

ಸದ್ಯಕ್ಕೆ ರಾತ್ರಿ ಎಂಟಕ್ಕೆ ಆಟ ನಿಲ್ಲಬೇಕು. ಬೆಳಕು ಇನ್ನೂ ಒಂದು ಗಂಟೆ ಇರುತ್ತದೆ. ಅಪ್ಪ ಬೆಂಚಿನ ಮೇಲೆ ಕುಳಿತು, ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಒಂದು ಕಡೆಗೆ ಐವರು ಹೇಗೆ ಆಡುತ್ತಾರೆಂದು ತಮಗೆ ಬಂದ ಇಂಗ್ಲಿಷಿನಲ್ಲಿ ಆ ಅಜ್ಜಿಗೆ ವಿವರಿಸುತ್ತಿರುತ್ತಾರೆ.