ಕಡ್ಡಿ ಮುರಿದ ಹಾಗೆ ಹೇಳುತ್ತೇನೆ

ಮೇ ತಿಂಗಳ ಮಧ್ಯಾಹ್ನ ನಾಲ್ಕು ಗಂಟೆಗೆ ಬಾಗಿಲ ಗಂಟೆ ಬಾರಿಸಿತು ಅನ್ನಿ. ನಿಮಗೆ ಮೊದಲು ನೆನಪಾಗುವುದೇನು? ಸುಳ್ಳು ಹೇಳಬೇಡಿ. ಬಂದವರು ಯಾರಿರಬಹುದು ಎಂಬುದಲ್ಲ, ಡಬ್ಬಿಯಲ್ಲಿ ಕಡಲೆಹಿಟ್ಟು ಎಷ್ಟಿದೆ ಎಂಬುದು. ಬಾಗಿಲು ತೆಗೆದು, "ಓಹೋ, ಬನ್ನಿ ಬನ್ನಿ, ಎಷ್ಟು ದಿನವಾಯ್ತು ನೋಡಿ" ಎಂದು ಬಾಯಿ ಹೇಳುತ್ತಿರುವಾಗಲೇ ಮನಸ್ಸು ಒಳಗೆ ಬಾಣಲೆ ಇಟ್ಟು ಎಣ್ಣೆ ಸುರಿದಾಗಿರುತ್ತದೆ. ಬಂದವರು ಫ್ಯಾನಿನ ಕೆಳಗೆ ಕೂರುತ್ತಾರೆ. ನಾವು ಒಳಗೆ ಹೋಗುತ್ತೇವೆ. ಮತ್ತೆ ಹೊರಗೆ ಬರುವುದು ಅವರು ಹೊರಡುವ ಹೊತ್ತಿಗೆ, ಕುಂಕುಮದ ಬಟ್ಟಲು ಹಿಡಿದುಕೊಂಡು.

ಕರಾವಳಿಯಲ್ಲಿ ಹುಟ್ಟಿದ ನಾನು ಮದುವೆಯಾಗಿ ಬಂದದ್ದು ದಾವಣಗೆರೆಗೆ. ಈ ಊರಿನ ಬೆಣ್ಣೆದೋಸೆಯ ಹೆಸರು ನೀವೆಲ್ಲ ಕೇಳಿದ್ದೀರಿ. ಆದರೆ ಊರಿನ ನಿಜವಾದ ಜೀವ ಇರುವುದು ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯಲ್ಲಿ. ಅದರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಮಳೆ ಹಿಡಿದ ಸಂಜೆ ಅಂಗಡಿಯ ಬೆಂಚಿನ ಮೇಲೆ ಕೂತು ತಿಂದರೆ ಅದಕ್ಕೆ ಸಮನಾದ ತಿಂಡಿ ಇನ್ನೊಂದಿಲ್ಲ. ನನ್ನ ಜಗಳ ಇರುವುದು ಬೇಸಿಗೆಯಲ್ಲಿ, ಮನೆಯಲ್ಲಿ, ಹೆಂಗಸಿನ ಕೈಯಿಂದಲೇ ಅದು ಆಗಬೇಕು ಎನ್ನುವ ಕಟ್ಟಳೆಯ ಮೇಲೆ.

ಈ ಜಗಳ ಶುರುವಾದದ್ದು 2003ರ ಮೇ ತಿಂಗಳಲ್ಲಿ. ನಾದಿನಿಯ ಮದುವೆಯ ಮಾತುಕತೆಗೆ ಹದಿನಾಲ್ಕು ಜನ ಬಂದಿದ್ದರು. ನಮ್ಮ ಆಗಿನ ಅಡುಗೆಮನೆ ಪಶ್ಚಿಮಕ್ಕೆ. ಮಧ್ಯಾಹ್ನದ ಬಿಸಿಲೆಲ್ಲ ಅದರ ಗೋಡೆಗೇ. ಫ್ಯಾನು ಹಾಕುವಂತಿಲ್ಲ, ಗ್ಯಾಸಿನ ಉರಿ ಅಲ್ಲಾಡುತ್ತದೆ. ಹಾಗಾಗಿ ಮನೆಯ ಅತ್ಯಂತ ಬಿಸಿಯಾದ ಕೋಣೆಗೇ ಫ್ಯಾನಿಲ್ಲ! ಈ ಏರ್ಪಾಡು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ, ನನಗೂ. ಅತ್ತೆಗೆ ಆಗ ಐವತ್ತೆಂಟು, ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದರು. ಬೇಡವೆಂದರೂ ಕೇಳದೆ ಬಾಣಲೆಯ ಮುಂದೆ ಅವರೇ ನಿಂತರು. ಬೀಗರಾಗುವವರಿಗೆ ಸೊಸೆಯ ಕೈಯ ಮೆಣಸಿನಕಾಯಿಯೇ? ನಾಲ್ಕನೆಯ ಸುತ್ತು ಎಣ್ಣೆಯಲ್ಲಿರುವಾಗ ಜಾಲರಿ ಸೌಟು ಹಿಡಿದುಕೊಂಡೇ ಮೆಲ್ಲಗೆ ನೆಲಕ್ಕೆ ಕುಸಿದು ಕೂತರು. ಮುಖವೆಲ್ಲ ಬೂದಿ ಬಣ್ಣ. ಹೊರಗಿನಿಂದ ಯಾರೋ ಹಿರಿಯರ ದನಿ, "ಇನ್ನೊಂದು ಸುತ್ತು ಬರಲಿ, ಬಿಸಿ ಇರುವಾಗಲೇ!"

ಆಗ ನಾನೇನು ಮಾಡಿದೆ ಗೊತ್ತೇ? ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಮೊದಲು ಎಣ್ಣೆಯಲ್ಲಿದ್ದದ್ದನ್ನು ತೆಗೆದೆ, ಸೀದುಹೋದೀತು ಎಂದು. ತಟ್ಟೆಗೆ ಹಾಕಿ ಹೊರಗೆ ಕಳಿಸಿದೆ. ಆಮೇಲೆ ಅತ್ತೆಗೆ ನೀರು ಕೊಟ್ಟೆ.

ಅತ್ತೆ ಚೇತರಿಸಿಕೊಂಡರು, ದೇವರು ದೊಡ್ಡವನು. ಮದುವೆಯೂ ಆಯಿತು. ಆದರೆ ಆ ಎರಡು ನಿಮಿಷ ನನ್ನನ್ನು ಬಿಟ್ಟಿಲ್ಲ. ನೆಲದ ಮೇಲಿನ ಮನುಷ್ಯರಿಗಿಂತ ಎಣ್ಣೆಯೊಳಗಿನ ಮೆಣಸಿನಕಾಯಿ ಮುಖ್ಯ ಎಂದು ನನ್ನ ಕೈಗೆ ಕಲಿಸಿದವರು ಯಾರು?

ಲೆಕ್ಕ ಹಾಕಿ ನೋಡಿ. ಹೊರಗೆ ನಲವತ್ತರ ಹತ್ತಿರದ ಬಿಸಿಲು. ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸು. ನಡುವೆ ನಾವು, ಸೆರಗು ಸಿಕ್ಕಿಸಿಕೊಂಡು. ಎಣ್ಣೆಯ ಹೊಗೆ ಬರೀ ಕೆಮ್ಮಿಗೆ ಮುಗಿಯುವುದಲ್ಲ. ಹೆಚ್ಚಿನ ಉರಿಯಲ್ಲಿ ಕರಿಯುವಾಗ ಏಳುವ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿದೆ. ಆ ವರದಿ ಪ್ರಕಟವಾದದ್ದು 2010ರಲ್ಲಿ. ಇನ್ನು ಸರ್ಕಾರವೇ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ಕೊಡುವ ಹೊತ್ತು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ನೆಂಟರು ಬಂದ ದಿನದ್ದನ್ನೇ ಬೇರೆ ಎಣಿಸಿದರೆ ಎಷ್ಟಾಗುತ್ತಿತ್ತೋ!

ಅದಕ್ಕೇ ನಮ್ಮ ಮನೆಯಲ್ಲಿ ಈಗ ಯುಗಾದಿಯಿಂದ ಮೊದಲ ಮಳೆಯವರೆಗೆ ಸಂಜೆಯ ನೆಂಟರಿಗೆ ಒಲೆ ಹಚ್ಚುವುದಿಲ್ಲ. ಕಡ್ಡಿ ತಿಂಡಿ. ಎಳೆಸೌತೆ, ಗಿಣಿಮೂತಿ ಮಾವು, ಅನಾನಸು, ದ್ರಾಕ್ಷಿ, ಪನೀರು, ಪುದೀನ. ಕತ್ತರಿಸು, ಕಡ್ಡಿಗೆ ಪೋಣಿಸು, ಉಪ್ಪು-ಖಾರ-ನಿಂಬೆ ಉದುರಿಸು, ಕೊಡು.

ಎಷ್ಟು ಮಾತು ಕೇಳಿದೆ ಅಂತೀರಿ! ಮೊದಲ ಮಾತು ಅತ್ತೆಯದೇ. "ಬಂದೋರ ಕೈಗೆ ಕಡ್ಡಿ ಕೊಟ್ಟು ಕಳಿಸ್ತೀಯೇನೇ? ಒಲೆ ಕಾಣದ್ದು ಉಪಚಾರ ಹೆಂಗಾತು?" ಒಲೆಯ ಮುಂದೆ ಕುಸಿದವರೇ ಒಲೆಯ ಪರ ವಕೀಲಿ ಮಾಡಿದರು. ನನಗೆ ಆಶ್ಚರ್ಯವಾಗಲಿಲ್ಲ. ನಾವು ಹೆಂಗಸರು ಪ್ರೀತಿಯನ್ನು ಬೆವರಿನಲ್ಲಿ ಅಳೆಯುವುದನ್ನು ಕಲಿತುಬಿಟ್ಟಿದ್ದೇವೆ. ಕಷ್ಟಪಡದೆ ಕೊಟ್ಟದ್ದು ಕೊಟ್ಟಂತೆಯೇ ಅನ್ನಿಸುವುದಿಲ್ಲ.

ಆದರೆ ಒಲೆ ಕಾಣದ ಉಪಚಾರ ನಾನು ಹುಟ್ಟಿಸಿದ್ದೇ? ಕುಂದಾಪುರದ ಕಡೆಯ ನನ್ನ ಅಜ್ಜಿಯ ಮನೆಯಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಸಿಗುತ್ತಿದ್ದದ್ದು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಆಮೇಲೆ ಮಜ್ಜಿಗೆ. ಮಲೆನಾಡಿನವರಿಗೂ ಇದು ಗೊತ್ತು. ಬೆಲ್ಲ-ನೀರು ಕೊಟ್ಟ ಮನೆಯನ್ನು ಯಾರೂ ಜಿಪುಣರ ಮನೆ ಎನ್ನಲಿಲ್ಲ. ಇನ್ನು ರಾಮನವಮಿಯನ್ನೇ ನೋಡಿ. ನೆತ್ತಿ ಸುಡುವ ಚೈತ್ರದಲ್ಲಿ ದೇವರಿಗೇ ಕೊಡುವುದೇನು? ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬೆಲ್ಲ ಕರಗಿಸಿದ್ದು, ಮೊಸರು ಕಡೆದದ್ದು, ಹೆಸರುಬೇಳೆ ನೆನೆಸಿ ಸೌತೆಕಾಯಿ ಬೆರೆಸಿದ್ದು. ಒಗ್ಗರಣೆಯ ಒಂದು ಚಟಪಟ ಬಿಟ್ಟರೆ ಒಲೆಗೆ ರಜೆ. ಶ್ರೀರಾಮಚಂದ್ರನೇ ಒಪ್ಪಿಕೊಂಡದ್ದನ್ನು ನಮ್ಮ ಯಜಮಾನರ ಆಫೀಸಿನವರು ಒಪ್ಪಬಾರದೇ?

ಎರಡನೆಯ ಮಾತು, "ಇದೆಲ್ಲ ಫಾರಿನ್ ಷೋಕಿ." ಇದನ್ನು ಹೇಳಿದವರು ಪಿಜ್ಜಾ ತರಿಸಿ ತಿನ್ನುವವರು, ಇರಲಿ. ಕಡ್ಡಿ ಪರದೇಶದ್ದೇ? ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿದವರು ಯಾರು? ನಮ್ಮ ಕಡೆ ಕೊಟ್ಟೆ ಕಡುಬಿಗೆ ಹಲಸಿನ ಎಲೆಗಳನ್ನು ಒಂದಕ್ಕೊಂದು ಸೇರಿಸುವುದು ತೆಂಗಿನ ಗರಿಯ ಹಿಡಿಕಡ್ಡಿಯಿಂದ. ಬೀಡಾಕ್ಕೆ ಲವಂಗ ಚುಚ್ಚಿ ಕೊಡುವುದು ಬರೀ ಘಮಕ್ಕಲ್ಲ, ಎಲೆ ಬಿಚ್ಚದಿರಲಿ ಎಂದೂ ಹೌದು. ಹಾಗೆ ನೋಡಿದರೆ ಊಟದ ಕೊನೆಯ ತುತ್ತನ್ನು ನಾವು ಚುಚ್ಚಿಯೇ ತಿನ್ನುತ್ತ ಬಂದವರು.

ಪರದೇಶದವರೂ ಮಾಡುತ್ತಾರೆ, ಇಲ್ಲವೆನ್ನುವುದಿಲ್ಲ. ಸ್ಪೇನಿನ ಸಾನ್ ಸೆಬಾಸ್ಟಿಯನ್ ಊರಿನಲ್ಲಿ ಆಲಿವ್ ಕಾಯಿ, ಉಪ್ಪಿನಲ್ಲಿ ಹಾಕಿದ ಪುಟ್ಟ ಮೀನು, ಉಪ್ಪಿನಕಾಯಿಯ ಹಸಿಮೆಣಸು ಇಷ್ಟನ್ನೇ ಕಡ್ಡಿಗೆ ಚುಚ್ಚಿ ಕೊಡುತ್ತಾರೆ. ಅದಕ್ಕೆ 1946ರ 'ಗಿಲ್ಡಾ' ಸಿನಿಮಾದ ನಾಯಕಿಯ ಹೆಸರು. ಇಟಲಿಯವರು ಟೊಮೆಟೊ, ಹಸಿ ಚೀಸು, ಒಂದು ಎಲೆ ತುಳಸಿಯ ಜಾತಿಯ ಸೊಪ್ಪು ಜೋಡಿಸಿಟ್ಟು, ನೋಡಿ ನಮ್ಮ ಬಾವುಟದ ಬಣ್ಣ ಎಂದು ಹೆಮ್ಮೆಪಡುತ್ತಾರೆ. ಒಲೆ ಹಚ್ಚದ ಆ ಹೆಂಗಸರನ್ನು ಸೋಮಾರಿ ಅಂದವರುಂಟೇ?

ಈಗ ಕೈಗೆ ಬರುವ ಮಾತು. ಹತ್ತು ಜನರಿಗೆ ಎರಡು ಎಳೆಸೌತೆ, ಒಂದು ದೊಡ್ಡ ಗಿಣಿಮೂತಿ, ಅರ್ಧ ಅನಾನಸು, ಒಂದು ಗೊಂಚಲು ಬೀಜವಿಲ್ಲದ ದ್ರಾಕ್ಷಿ, 200 ಗ್ರಾಂ ಪನೀರು, ಒಂದು ಹಿಡಿ ಪುದೀನ ಸಾಕು. ತಲೆಗೆ ಮೂರರಂತೆ ಮೂವತ್ತು ಕಡ್ಡಿ. ಸೌತೆಯ ತೊಟ್ಟಿನ ಕಡೆ ಒಂದು ಚೂರು ಬಾಯಿಗೆ ಹಾಕಿ ನೋಡಿಯೇ ಮುಂದುವರಿಯಿರಿ. ಕಹಿ ಇದ್ದರೆ ಅಲ್ಲೇ ಇರುತ್ತದೆ. ಉಪ್ಪನ್ನು ಮಾತ್ರ ಕೊಡುವ ಗಳಿಗೆಯಲ್ಲಿ ಹಾಕಿ. ಮೊದಲೇ ಹಾಕಿದಿರೋ, ಸೌತೆ ನೀರೆಲ್ಲ ಬಿಟ್ಟು ಒದ್ದೆ ಬಟ್ಟೆಯಂತಾಗುತ್ತದೆ. ಸೀಬೆಯೋ ಸೇಬೋ ಇದ್ದರೆ ಕತ್ತರಿಸಿದ ಕೂಡಲೇ ನಿಂಬೆರಸ ಸವರಿ, ಕಪ್ಪಾಗುವುದಿಲ್ಲ. ಅನಾನಸು ಮತ್ತು ಪನೀರನ್ನು ಒಂದೇ ಕಡ್ಡಿಗೆ ಚುಚ್ಚಿ ಇಡಬೇಡಿ. ಹಸಿ ಅನಾನಸಿನಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಗುಣವಿದೆ, ಹೊತ್ತಾದರೆ ಪನೀರು ಮೆತ್ತಗಾಗಿ ಕಹಿಯಾಗುತ್ತದೆ. ನಾನಿದನ್ನು ಕಲಿತದ್ದು ಇಪ್ಪತ್ತು ಕಡ್ಡಿ ಎಸೆದ ಮೇಲೆ. ಪನೀರಿಗೆ ಜೊತೆ ಸೌತೆ-ಪುದೀನ, ಅನಾನಸಿಗೆ ಜೊತೆ ದ್ರಾಕ್ಷಿ. ಮಾವು ಯಾರ ಜೊತೆಗಾದರೂ ಹೊಂದಿಕೊಳ್ಳುತ್ತದೆ, ಮನೆಯ ಹಿರಿಸೊಸೆಯ ಹಾಗೆ.

ಕತ್ತರಿಸಿದ್ದು ಹೊರಗೆ ಎರಡು ಗಂಟೆ ಮೀರಿ ಇರಬಾರದು. ನಮ್ಮ ಕಡೆಯ ಬಿಸಿಲಿಗಂತೂ, ಅಂದರೆ 32 ಡಿಗ್ರಿ ದಾಟಿದರೆ, ಒಂದೇ ಗಂಟೆ. ತಟ್ಟೆಯ ಅಡಿ ಐಸಿನ ಬಟ್ಟಲು ಇಟ್ಟರೆ ಒಳ್ಳೆಯದು. ಕಡ್ಡಿಗೆ ಅಂಗಡಿಯ ಬಿದಿರು ಕಡ್ಡಿ ಆಗುತ್ತದೆ. ಪ್ಲಾಸ್ಟಿಕ್ಕಿನ ಚಮಚ-ಫೋರ್ಕುಗಳನ್ನು 2022ರ ಜುಲೈ 1ರಿಂದ ಸರ್ಕಾರವೇ ನಿಷೇಧಿಸಿದೆ, ಅದರ ಗೊಡವೆಯೂ ಬೇಡ. ನಾನು ತವರಿನಿಂದ ಹಸಿ ತೆಂಗಿನ ಗರಿ ತರಿಸಿ, ಹಿಡಿಕಡ್ಡಿ ಹೆರೆದು ತೊಳೆದು ಗೇಣುದ್ದ ಕತ್ತರಿಸುತ್ತೇನೆ. "ಕಸಬರಿಗೆ ಕಡ್ಡಿ!" ಎಂದು ಅತ್ತೆ ಮೊದಲ ಸಲ ಕೂಗಿಕೊಂಡಿದ್ದರು. ಕಸಬರಿಗೆ ಆಗುವುದಕ್ಕೆ ಮೊದಲು ಅದೂ ಕಡ್ಡಿಯೇ ತಾನೇ? ಚಿಕ್ಕ ಮಕ್ಕಳಿಗೆ ಕೊಡುವಾಗ ಮೊನೆ ಮುರಿದು ಕೊಡಿ. ಅಥವಾ ಕಡ್ಡಿಯಿಂದ ಕಳಚಿ ಬಟ್ಟಲಿಗೆ ಹಾಕಿ. ದ್ರಾಕ್ಷಿಯನ್ನು ಪುಟಾಣಿಗಳಿಗೆ ಉದ್ದಕ್ಕೆ ಸೀಳದೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕೀತು.

ಇಷ್ಟೇ. ಇದಕ್ಕಿಂತ ಹೆಚ್ಚು ಇಲ್ಲ. ಇಲ್ಲಿಗೆ ನಿಲ್ಲಿಸಬೇಕು ಎಂಬುದೇ ನನ್ನ ವಾದದ ಇನ್ನೊಂದು ಅರ್ಧ. ಏಕೆಂದರೆ ಈಗ ಹೊಸ ಪಿಡುಗು ಬಂದಿದೆ. 'ಸುಲಭ ಬೇಸಿಗೆ ತಿನಿಸು' ಎಂಬ ಹೆಸರಿನಲ್ಲಿ ಹದಿನೆಂಟು ಸಾಮಾನು. ಮೂಲಂಗಿಯ ಗುಲಾಬಿ, ಕ್ಯಾರೆಟ್ಟಿನ ಹಂಸ, ನಮ್ಮೂರ ಸಂತೆಯಲ್ಲಿ ಹುಡುಕಿದರೂ ಸಿಗದ ಚೀಸು, ಮೇಲೆ ಮೂರು ತರದ ಸಾಸು, ಅದರ ಫೋಟೋ. ಒಲೆಯ ಮುಂದಿನಿಂದ ಎದ್ದು ಬಂದವಳನ್ನು ಚಾಕುವಿನ ಮುಂದೆ ಕೂರಿಸುವ ಹುನ್ನಾರ ಇದು. ನಮ್ಮ ಪರಿಚಯದ ಒಬ್ಬಾಕೆ ಮಗಳ ಹುಟ್ಟುಹಬ್ಬಕ್ಕೆ ಕಲ್ಲಂಗಡಿಯನ್ನು ನಕ್ಷತ್ರದ ಆಕಾರಕ್ಕೆ ಕೊರೆಯುತ್ತ ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿದ್ದಳಂತೆ. ನಕ್ಷತ್ರವೇ ಬೇಕಿದ್ದರೆ ಮಗಳನ್ನು ಮಹಡಿಗೆ ಕರೆದುಕೊಂಡು ಹೋಗಬಹುದಿತ್ತು.

ಕಡ್ಡಿಯ ಗುಟ್ಟು ರುಚಿಯಲ್ಲೂ ಇಲ್ಲ, ಚಂದದಲ್ಲೂ ಇಲ್ಲ. ಅದು ಕೂತು ಮಾಡುವ ಕೆಲಸ. ಫ್ಯಾನಿನ ಕೆಳಗೆ, ನಡುಮನೆಯಲ್ಲಿ, ಬಂದವರ ಎದುರಿಗೇ ಮಾಡುವ ಕೆಲಸ. ಬಾಣಲೆಯನ್ನು ಹಾಲಿಗೆ ತರಲಾರಿರಿ. ಈಳಿಗೆಮಣೆಯನ್ನು ತರಬಹುದು. ನಾನು ಕತ್ತರಿಸುತ್ತೇನೆ, ಮಕ್ಕಳು ಪೋಣಿಸುತ್ತಾರೆ, ಬಂದ ಹೆಂಗಸರು ಸುಮ್ಮನೆ ಕೂರಲಾರದೆ ಕೈ ಹಾಕುತ್ತಾರೆ, ನೋಡುತ್ತ ನೋಡುತ್ತ ಗಂಡಸರೂ ಹಾಕುತ್ತಾರೆ. ಮದುವೆಯಾದಂದಿನಿಂದ ಬಂದುಹೋಗುತ್ತಿದ್ದ ದೊಡ್ಡತ್ತೆಯ ಮಗಳಿಗೆ ಎಳವೆಯಲ್ಲಿ ಹಾಡು ಬರುತ್ತಿತ್ತು, ಮನೆಯವರು ನಿಲ್ಲಿಸಿದರು ಎಂಬುದು ನನಗೆ ತಿಳಿದದ್ದು ಹೀಗೆ ಪೋಣಿಸುತ್ತ ಕೂತ ಒಂದು ಸಂಜೆ. ಅಷ್ಟು ವರ್ಷ ಆಕೆಗೆ ಬೋಂಡ ಬಡಿಸಿದ್ದೆ. ಮಾತಾಡಿಸಿರಲಿಲ್ಲ.

ಎಲ್ಲರಿಗೂ ಎಲ್ಲ ಹೊತ್ತಿಗೂ ಕಡ್ಡಿಯೇ ಆಗಬೇಕೆಂದು ನಾನು ಹಟ ಮಾಡುವುದಿಲ್ಲ. ಬಸ್ಸಿನಲ್ಲಿ ಹಸಿದು ಬಂದವರಿಗೆ ಹೊಟ್ಟೆಗಾಗುವಂಥದ್ದು ಬೇಕು. ಮೊಸರವಲಕ್ಕಿ ಇದೆ, ಅದಕ್ಕೂ ಒಲೆ ಬೇಡ. ಹಲ್ಲಿಲ್ಲದ ಅಜ್ಜನಿಗೆ ಪಪ್ಪಾಯಿ ಸಣ್ಣಗೆ ಹೆಚ್ಚಿ ಕೊಡಿ. ಸಕ್ಕರೆ ಕಾಯಿಲೆಯವರ ಕಡ್ಡಿಯಲ್ಲಿ ಸೌತೆ-ಪನೀರು ಇರಲಿ, ಮಾವು ಬೇಡ. ಜುಲೈಯಲ್ಲಿ ಬನ್ನಿ, ಜಿಟಿಜಿಟಿ ಮಳೆಯಲ್ಲಿ ನಾನೇ ಮೆಣಸಿನಕಾಯಿ ಕರಿದು ಹಾಕುತ್ತೇನೆ, ಸಂತೋಷದಿಂದ.

ಹೋದ ಬೇಸಿಗೆಯಲ್ಲಿ ಮೈದುನ ಬೆಂಗಳೂರಿನಿಂದ ಗೆಳೆಯರ ಜೊತೆ ಬಂದಿದ್ದ. ತಟ್ಟೆ ನೋಡಿ ಮುಖ ಹುಳ್ಳಗೆ ಮಾಡಿಕೊಂಡು, "ಏನಮ್ಮಾ, ದಾವಣಗೆರೆಗೆ ಬಂದು ಸೌತೆಕಾಯಿ ತಿನ್ನೋದಾ? ನಿನ್ನ ಕೈ ಮೆಣಸಿನಕಾಯಿ ಇಲ್ವಾ?" ಅಂದ. ಅತ್ತೆಗೆ ಈಗ ಎಂಬತ್ತರ ಮೇಲಾಯಿತು. ಫ್ಯಾನಿನ ಕೆಳಗೆ ಕೂತು ಮೊಮ್ಮಗಳ ಜೊತೆ ದ್ರಾಕ್ಷಿ ಪೋಣಿಸುತ್ತಿದ್ದರು. ತಲೆಯೆತ್ತದೆ ಹೇಳಿದರು, "ಅಂಗಡಿ ತೆರೆದೈತೆ, ಸ್ಕೂಟರ್ ಹೊರಗೈತೆ." ಅವನು ಪೆಚ್ಚಾಗಿ ನಕ್ಕು ಬೀಗದಕೈ ತೆಗೆದುಕೊಂಡ. ಗೇಟಿನವರೆಗೆ ಹೋದವನನ್ನು ಅತ್ತೆ ಮತ್ತೆ ಕೂಗಿ ಕರೆದರು. ನಾನು ಎದೆ ಹಿಡಿದುಕೊಂಡೆ, ಮಗನ ಮೇಲಿನ ಪ್ರೀತಿ ಉಕ್ಕಿ ಈಗ ಬಾಣಲೆ ಇಡು ಅನ್ನುತ್ತಾರೋ ಎಂದು.

"ಬರುವಾಗ ನಾಲ್ಕು ನಿಂಬೆಹಣ್ಣು ತಗೊಂಡು ಬಾ," ಅಂದರು.