ಕೈ ಸ್ವಲ್ಪ ಸುಮ್ಮನಿರಲಿ

ಕಳೆದ ಭಾನುವಾರ ತರೀಕೆರೆಯ ಮಗಳ ಮನೆಗೆ ಹೋಗಿದ್ದೆ. ಒಂಬತ್ತು ವರ್ಷದ ಮೊಮ್ಮಗಳು ಹೊಸ ಕೀಬೋರ್ಡ್ ಮುಂದೆ ಕೂತಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಬೇಕು, ತಾನೇ ನುಡಿಸಿಕೊಂಡು ಹಾಡಬೇಕು ಎಂದು ಹಟ. ಬರೀ ಹಾಡಿದರೆ ಚೆನ್ನಾಗಿಯೇ ಹಾಡುತ್ತಾಳೆ. ಬರೀ ನುಡಿಸಿದರೆ ತಪ್ಪಿಲ್ಲದೆ ನುಡಿಸುತ್ತಾಳೆ. ಎರಡನ್ನೂ ಸೇರಿಸಿದ ಕೂಡಲೇ ಎರಡನೆಯ ಸಾಲಿಗೆ ಹಾಡು ನಿಂತುಹೋಗುತ್ತದೆ.

“ತಾತ, ಕೈ ನೋಡ್ಕೊಂಡ್ರೆ ಬಾಯಿ ಮರೆತುಹೋಗುತ್ತೆ. ಬಾಯಿ ನೋಡ್ಕೊಂಡ್ರೆ ಕೈ ಮರೆತುಹೋಗುತ್ತೆ” ಎಂದು ಅಳುಮುಖ ಮಾಡಿದಳು.

ನನಗೆ ನಗು ಬಂತು, ಅವಳಿಗೆ ಕೋಪ ಬಂತು. ಆದರೆ ನಾನು ನಕ್ಕಿದ್ದು ಅವಳನ್ನು ನೋಡಿ ಅಲ್ಲ. ಮೂರು ವರ್ಷದ ಹಿಂದೆ, ನನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಇದೇ ದೂರನ್ನು ನಾನು ಅಜ್ಜಂಪುರದಲ್ಲಿ ಒಬ್ಬರ ಮುಂದೆ ಹೇಳಿಕೊಂಡಿದ್ದೆ. ಅವಳಿಗೆ ಹೇಳಿದ ಆ ಕತೆಯನ್ನೇ ಈ ವಾರ ನಿಮಗೂ ಹೇಳುತ್ತೇನೆ.

ನಾನು ಅಜ್ಜಂಪುರದ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಪರಿಚಯವಾದವರು ನಮ್ಮ ಮೇಷ್ಟ್ರು. ಪ್ರೈಮರಿ ಶಾಲೆಯಲ್ಲಿ ಪಾಠ, ಸಂಜೆ ಮನೆಯಲ್ಲಿ ಹಾರ್ಮೋನಿಯಂ. ಶನಿವಾರ ಅವರ ಮನೆಯಲ್ಲಿ ಭಜನೆ. ನನಗೆ ದಾಸರ ಪದಗಳು ಒಂದಷ್ಟು ಬರುತ್ತಿದ್ದವು. ನಾನು ಹಾಡುವುದು, ಅವರು ಪೆಟ್ಟಿಗೆ ಬಾರಿಸುವುದು ಎಂದು ತಾನಾಗಿಯೇ ಗೊತ್ತಾಯಿತು. ನನಗೆ ಕಡೂರಿಗೆ ವರ್ಗವಾದ ಮೇಲೂ, ನಿವೃತ್ತಿಯಾದ ಮೇಲೂ ಅದು ನಿಲ್ಲಲಿಲ್ಲ. ಶನಿವಾರ ಬಂತೆಂದರೆ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೊರಟುಬಿಡುತ್ತಿದ್ದೆ. ಅಷ್ಟು ವರ್ಷದಲ್ಲಿ ಒಂದು ದಿನವಾದರೂ ನಾನು ಆ ಪೆಟ್ಟಿಗೆಯ ಮನೆಗಳ ಮೇಲೆ ಬೆರಳಿಟ್ಟವನಲ್ಲ. ಅವರೂ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಆಮೇಲೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಾಯಿತು. ಪೆಟ್ಟಿಗೆಯ ಮೇಲೆ ಹಳೆಯ ಪಂಚೆ ಹೊದಿಸಿ ಮೂಲೆಯಲ್ಲಿಟ್ಟರು.

ನಾನು ಶನಿವಾರ ತಪ್ಪಿಸಲಿಲ್ಲ. ಮಂಚದ ಪಕ್ಕ ಕೂತು ಬರೀ ಕಂಠದಲ್ಲಿ ಹಾಡುತ್ತಿದ್ದೆ. ಪಲ್ಲವಿಯಲ್ಲಿ ಒಂದು ಶ್ರುತಿ, ಚರಣಕ್ಕೆ ಬರುವಾಗ ಇನ್ನೊಂದು. ಮೇಷ್ಟ್ರು ಎಡಗೈಯಿಂದ ಮಂಚದ ಪಟ್ಟಿ ಕುಟ್ಟುತ್ತಿದ್ದರು, ಇಳಿದುಹೋದೆ ಎಂದು. ಮಗ ಮೊಬೈಲಿನಲ್ಲಿ ತಂಬೂರಿ ಹಾಕಿಕೊಟ್ಟ. ಅವತ್ತು ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು. ಮರುವಾರ ಮೂಲೆಯತ್ತ ಕೈ ತೋರಿಸಿ, “ತೆಗೀರಿ. ನೀವೇ ಬಾರಿಸಿ” ಎಂದರು.

“ಮೇಷ್ಟ್ರೇ, ಈ ವಯಸ್ಸಲ್ಲಿ ನನ್ನ ಕೈಲಿ ಆಗುತ್ತಾ?”

“ಹಾಡೋಕೆ ಆಗುತ್ತಲ್ಲ, ಕ್ಯಾಷಿಯರ್ರೇ.”

ಅವರಿಗೆ ಆಗ ಬೇರೆ ಪಾಠ ಉಳಿದಿರಲಿಲ್ಲ, ಬೇರೆ ಶಿಷ್ಯನೂ ಇರಲಿಲ್ಲ. ನಾನು ಕೈಬಿಟ್ಟರೆ ಪೆಟ್ಟಿಗೆ ಆ ಪಂಚೆಯ ಕೆಳಗೇ ಉಳಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮೊದಲ ಪಾಠ, ನನ್ನ ‘ಸ’ ಎಲ್ಲಿದೆ ಎಂದು ಹುಡುಕುವುದು. ಹಾರ್ಮೋನಿಯಂ, ಪಿಯಾನೊ, ಕೀಬೋರ್ಡ್ ಮೂರರಲ್ಲೂ ಮನೆಗಳ ಸಾಲು ಒಂದೇ. ಒಂದು ಸ್ಥಾಯಿಗೆ ಏಳು ಬಿಳಿ, ಐದು ಕಪ್ಪು, ಒಟ್ಟು 12. ಹಿಂದೆ ನಾನು ಕಪ್ಪು ಎರಡರಲ್ಲಿ ಹಾಡುತ್ತಿದ್ದೆ. ಈಗ ಬಿಳಿ ಒಂದಕ್ಕೆ ಇಳಿದಿದ್ದೇನೆ. ಬೇಸರವಾಯಿತು. ಮೇಷ್ಟ್ರು ಮಾತ್ರ, “ಇಳೀಲಿ ಬಿಡಿ. ಕಿರುಚೋದಕ್ಕಿಂತ ವಾಸಿ” ಎಂದರು. ಹಾಡಿನ ಅತಿ ಎತ್ತರದ ಜಾಗವನ್ನೂ ಅತಿ ಕೆಳಗಿನ ಜಾಗವನ್ನೂ ಗಂಟಲು ಬಿಗಿಯದೆ ಮುಟ್ಟಬೇಕು. ಅದು ಎಲ್ಲಿ ಸಾಧ್ಯವೋ ಅದೇ ನಿಮ್ಮ ಶ್ರುತಿ.

ಎರಡನೆಯದು, ತಿದಿ. ನಾನು ತಾಳಕ್ಕೆ ಸರಿಯಾಗಿ ತಿದಿ ಒತ್ತುತ್ತಿದ್ದೆ. ಸ್ವರ ಬಿಕ್ಕಳಿಸಿದಂತೆ ಬರುತ್ತಿತ್ತು. ತಿದಿಗೆ ತಾಳದ ಗೊಡವೆ ಬೇಡ, ಗಾಳಿ ಮುಗಿಯುವ ಮುಂಚೆ ನಿಧಾನವಾಗಿ ತುಂಬಿಸುತ್ತಿದ್ದರೆ ಸಾಕು. ಹಿಂದೆ ಕಂಪನಿ ನಾಟಕಗಳಲ್ಲಿ ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ ಇರುತ್ತಿತ್ತು. ಮೇಷ್ಟ್ರ ಎರಡೂ ಕೈ ಮನೆಗಳ ಮೇಲೆ ಓಡಾಡುತ್ತಿದ್ದವು. ನಮ್ಮ ಕೈಪೆಟ್ಟಿಗೆಯಲ್ಲಿ ಒಂದು ಕೈ ಗಾಳಿಗೇ ಮೀಸಲು.

ಮೂರನೆಯದರಲ್ಲಿ ನಾನು ಮುಗ್ಗರಿಸಿದೆ. ರಾಗ ಕೈಗೆ ಬಂತು. ಮೋಹನವನ್ನೇ ತೆಗೆದುಕೊಳ್ಳಿ. ‘ಸ’ ಬಿಳಿ ಒಂದರಲ್ಲಿದ್ದರೆ ಐದು ಸ್ವರವೂ ಬಿಳಿಯಲ್ಲೇ ಸಿಗುತ್ತವೆ. ಮಕ್ಕಳೇ, ಇನ್ನೊಂದು ತಮಾಷೆ ಇದೆ. ಮೂರು ಕಪ್ಪು ಮನೆಗಳು ಒಟ್ಟಿಗೆ ಇರುವ ಗುಂಪನ್ನು ಹುಡುಕಿ, ಅದರ ಮೊದಲನೆಯದನ್ನು ‘ಸ’ ಮಾಡಿಕೊಂಡು ಬಲಕ್ಕೆ ಐದು ಕಪ್ಪು ಮನೆಗಳನ್ನು ಸಾಲಾಗಿ ಒತ್ತಿ. ಬರುವುದು ಮೋಹನವೇ. ಇವತ್ತೇ ಮಾಡಿ ನೋಡಿ.

ಆದರೆ ಕೈ ಪಳಗಿದಷ್ಟೂ ಹಾಡು ಕೆಟ್ಟಿತು. ನನ್ನ ಕಂಠ ಹೋದಲ್ಲೆಲ್ಲ ಬೆರಳೂ ಹೋಗಬೇಕು ಎಂದು ನಾನು ತಿಳಿದಿದ್ದೆ. ಒಂದು ಅಕ್ಷರವನ್ನು ಎಳೆದು ಬಳುಕಿಸುವ ಕಡೆ ಬೆರಳು ನಾಲ್ಕು ಮನೆ ಓಡುತ್ತಿತ್ತು. ಬೆರಳಿಗೆ ಕಾಯುತ್ತ ಕಂಠ ಕುಂಟುತ್ತಿತ್ತು. ಕಡೂರಿನಲ್ಲಿ ಒಂದು ರಾಮನವಮಿ ಭಜನೆಯಲ್ಲಿ ಧೈರ್ಯ ಮಾಡಿ ಕೂತೆ. ಎರಡನೆಯ ಚರಣದಲ್ಲಿ ಸಾಹಿತ್ಯವೇ ಹಾರಿಹೋಯಿತು. ನಲವತ್ತು ವರ್ಷ ಹಾಡಿದ ಪದ! ಪಾನಕಕ್ಕೆ ಕಾದಿದ್ದ ಹುಡುಗರು ಕಿಸಕ್ಕನೆ ನಕ್ಕರು. ಆ ಶನಿವಾರ ಅಜ್ಜಂಪುರಕ್ಕೆ ಹೋಗಿ, ಮೊಮ್ಮಗಳು ಈಗ ಹೇಳಿದ ಮಾತನ್ನೇ ಹೇಳಿ, “ನನ್ನಿಂದ ಆಗಲ್ಲ ಮೇಷ್ಟ್ರೇ” ಎಂದೆ.

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದೇ ಮಾತು ಜೋಡಿಸಿ ಹೇಳಿದರು: “ನಾನು ಇಷ್ಟು ವರ್ಷ, ನೀವು ಹಾಡಿದ್ದನ್ನೆಲ್ಲಾ, ಬಾರಿಸಿದೆ ಅಂದ್ಕೊಂಡ್ರಾ? ಅರ್ಧಾನೂ ಇಲ್ಲ.”

ನಾನು ದಂಗಾದೆ. ಅವರ ಪಕ್ಕದಲ್ಲೇ ಕೂತಿದ್ದವನು ಅದನ್ನು ಗಮನಿಸಿರಲೇ ಇಲ್ಲ.

ಅವರು ತಿಳಿಸಿದ್ದು ಇಷ್ಟು. ಹಾರ್ಮೋನಿಯಂ 1842ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಪಡೆದು ಬಂದ ವಾದ್ಯ. ಅದರ ಸ್ವರ ನಿಂತಲ್ಲೇ ನಿಲ್ಲುತ್ತದೆ, ಒಂದರಿಂದ ಇನ್ನೊಂದಕ್ಕೆ ಜಾರುವುದಿಲ್ಲ. ನಮ್ಮ ಸಂಗೀತದ ಜೀವವಾದ ಗಮಕ ಅದರಲ್ಲಿ ಬಾರದು ಎಂಬ ದೂರಿನಿಂದ ಆಕಾಶವಾಣಿ ಅದನ್ನು 1940ರಲ್ಲಿ ಹೊರಗಿಟ್ಟಿತು. ಬಾಗಿಲು ಮತ್ತೆ ತೆರೆಯತೊಡಗಿದ್ದು 1971ರಲ್ಲಿ. ದೂರು ಸುಳ್ಳಲ್ಲ. ಆದ್ದರಿಂದಲೇ ಬಳುಕುವ ಕೆಲಸವನ್ನು ಕಂಠಕ್ಕೆ ಬಿಡಬೇಕು. ಸಾಲು ಎಲ್ಲಿ ಬಂದು ನಿಲ್ಲುತ್ತದೋ ಆ ಸ್ವರವನ್ನು ಪೆಟ್ಟಿಗೆ ಹಿಡಿದುಕೊಂಡಿರಬೇಕು. ನೀವು ಉಸಿರು ತೆಗೆದುಕೊಳ್ಳುವಾಗ ಅದು ಎರಡು ಮಾತಾಡಲಿ, ನೀವು ಬಾಯಿ ತೆರೆದ ಕೂಡಲೇ ತಗ್ಗಲಿ. ಸಿ. ಅಶ್ವತ್ಥ್ ಹಾರ್ಮೋನಿಯಂ ಮುಂದಿಟ್ಟುಕೊಂಡು ಹಾಡುವುದನ್ನು ನಿಮ್ಮ ಮನೆಯ ಹಿರಿಯರು ನೋಡಿರುತ್ತಾರೆ. ನೆನಪಿನಲ್ಲಿ ಉಳಿದಿರುವುದು ಆ ಕಂಠವೇ ಹೊರತು ಬೆರಳಲ್ಲ.

ಅಂದಿನಿಂದ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿದೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ತಾಳೆಯಾಗದಿದ್ದರೆ ಎಲ್ಲಾ ಪುಸ್ತಕ ಒಟ್ಟಿಗೆ ತೆರೆಯುತ್ತಿರಲಿಲ್ಲ, ಒಂದೊಂದಾಗಿ ನೋಡುತ್ತಿದ್ದೆವು. ಇಲ್ಲೂ ಹಾಗೆಯೇ. ಮೊದಲು ‘ಸ’ ಮತ್ತು ‘ಪ’ ಎರಡನ್ನೇ ಒತ್ತಿಹಿಡಿದು ಇಡೀ ಹಾಡು ಹಾಡುವುದು. (‘ಸ’ದಿಂದ ಕಪ್ಪು, ಬಿಳಿ ಎರಡನ್ನೂ ಎಣಿಸುತ್ತ ಹೋದರೆ ಬಲಕ್ಕೆ ಏಳನೆಯ ಮನೆಯೇ ‘ಪ’.) ಅದು ಸಲೀಸಾದ ಮೇಲೆ ಸಾಲಿನ ಕೊನೆಯ ಸ್ವರ ಮಾತ್ರ ಸೇರಿಸುವುದು. ಆಮೇಲೆ ಸಾಲಿನ ಮೊದಲ ಸ್ವರ. ನಡುವಿನದನ್ನು ಕೈ ತಾನಾಗಿ ಕೇಳಿದಾಗ ಕೊಡುವುದು. ಎರಡು ಹಾಡು ಒಂದು ಹದಕ್ಕೆ ಬರಲು ನನಗೆ ಎಂಟು ತಿಂಗಳು ಹಿಡಿಯಿತು.

ಒಂದು ಶನಿವಾರ ಮೇಷ್ಟ್ರ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಪೂರ್ತಿ ಹಾಡಿದೆ. ಒಂದು ಕಡೆ ತಪ್ಪು ಮನೆ ಒತ್ತಿದೆ. ಆದರೆ ಹಾಡು ನಿಲ್ಲಲಿಲ್ಲ. ಕೊನೆಯ ಚರಣಕ್ಕೆ ಬಂದಾಗ ತಿದಿ ಹಗುರಾದಂತೆ ಅನ್ನಿಸಿತು. ಪೆಟ್ಟಿಗೆಯ ತಿದಿ ನುಡಿಸುವವನ ಆಚೆ ಬದಿಗೆ ಇರುತ್ತದೆ, ಎದುರು ಕೂತವರಿಗೆ ಹತ್ತಿರ. ಮೇಷ್ಟ್ರು ಮುಂದಕ್ಕೆ ಬಾಗಿ ಎಡಗೈಯಲ್ಲಿ ಅದನ್ನು ಹಿಡಿದಿದ್ದರು. ನಾನು ಕೈ ತೆಗೆದುಬಿಟ್ಟೆ. ಗಾಳಿ ಒಂದು ಸಲವೂ ಕಡಿಮೆಯಾಗಲಿಲ್ಲ. ಒಳಗಿನಿಂದ ಬಂದ ಅವರ ಮನೆಯವರು ಬಾಗಿಲಲ್ಲೇ ನಿಂತರು.

ಈಗ ಪ್ರತಿ ವಾರ ಒಂದು ಹಾಡಿಗೆ ಮೇಷ್ಟ್ರದೇ ಗಾಳಿ. ಉಳಿದ ಹಾಡುಗಳಿಗೆ, “ನೀವೇ ನೋಡ್ಕೊಳ್ಳಿ” ಎನ್ನುತ್ತಾರೆ. ತಪ್ಪಿದರೆ ಮಂಚದ ಪಟ್ಟಿ ಕುಟ್ಟುವುದು ಇದ್ದೇ ಇದೆ.

ಕತೆ ಕೇಳಿದ ಮೊಮ್ಮಗಳು ಕೀಬೋರ್ಡಿನಲ್ಲಿ ‘ಸ’, ‘ಪ’ ಎರಡನ್ನೇ ಹಿಡಿದು ಹಾಡಿದಳು. ಹಾಡು ಮೊದಲಿನಿಂದ ಕೊನೆಯವರೆಗೆ ನಡೆಯಿತು. “ಇಷ್ಟೇನಾ ತಾತ? ಇದು ತುಂಬಾ ಕಮ್ಮಿ ಆಯ್ತು” ಎಂದಳು. ಕಮ್ಮಿಯೋ ಸಾಕೋ ಎಂದು ಹೇಳುವವರು ನಾನಲ್ಲ. ಈ ಶನಿವಾರ ಅವಳನ್ನೂ ಅಜ್ಜಂಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಮೇಷ್ಟ್ರೇ ಕೇಳಿ ಹೇಳಲಿ.