ಎತ್ತಲಾಗಿದೆ ಅಂತೆ, ಎತ್ತಿದ್ದು ಯಾರಂತೆ?

ಚಳಿಗಾಲ ಬಂತೆಂದರೆ ನಮ್ಮ ಸಣ್ಣಪುಟ್ಟ ಊರುಗಳ ನಗರಸಭೆಗಳು ಮೈಚಳಿ ಬಿಟ್ಟು ಬರೆಯೋಕೆ ಶುರುಮಾಡುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಯಾವ ಊರಿನ ನೋಟೀಸು ಬೋರ್ಡು ಬೇಕಾದರೂ ನೋಡಿ, ಲೋಕಲ್ ಪೇಪರಿನ ಒಳಪುಟ ಬೇಕಾದರೂ ನೋಡಿ. ಪೈಪು ದುರಸ್ತಿ ಇರುವುದರಿಂದ ಇಂತಿಂಥ ವಾರ್ಡುಗಳಿಗೆ ಎರಡು ದಿನ ನೀರಿಲ್ಲ. ತೆರಿಗೆ ಬಾಕಿ ಉಳಿಸಿಕೊಂಡವರ ಮೇಲೆ ಕ್ರಮ ಕೈಗೊಳ್ಳಲಾಗುವುದು. ಬೀದಿನಾಯಿ ಹಿಡಿಯಲು ಟೆಂಡರ್ ಕರೆಯಲಾಗಿದೆ. ಬಯಲಲ್ಲಿ ಕಸ ಸುಟ್ಟರೆ ದಂಡ ವಿಧಿಸಲಾಗುವುದು. ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರು ಬಂದು ಸಲಹೆ ಕೊಡಬಹುದು. ಶೇ. 24.10ರ ನಿಧಿಯಲ್ಲಿ ಪರಿಶಿಷ್ಟರಿಂದ ಅರ್ಜಿ ಆಹ್ವಾನಿಸಲಾಗಿದೆ. ಮುಖ್ಯ ಬೀದಿಗಳಲ್ಲಿ ಬಿದ್ದಿದ್ದ ತ್ಯಾಜ್ಯವನ್ನು ವಿಲೇವಾರಿ ಮಾಡಲಾಗಿದೆ.

ಇಷ್ಟರಲ್ಲಿ ಹಾಸ್ಟೆಲ್ ಹುಡುಗರಾದ ನಾವು ಓದೋದು ಒಂದೇ ಒಂದನ್ನ. ಆ 24.10. ಲ್ಯಾಪ್‌ಟಾಪ್ ಕೊಡ್ತಾರಾ, ಫೀಸು ವಾಪಸ್ ಕೊಡ್ತಾರಾ, ಕೊನೇ ದಿನ ಯಾವಾಗ ಅಂತ ನೋಡ್ಕೊಂಡು ಬಂದುಬಿಡ್ತೀವಿ. ಉಳಿದದ್ದೆಲ್ಲಾ ಮನೆ ಇರೋರಿಗೆ, ಸೈಟು ಇರೋರಿಗೆ, ನಲ್ಲಿ ಇರೋರಿಗೆ ಅಂತ ನಮ್ಮ ಲೆಕ್ಕ. ನನ್ನ ತಕರಾರು ಇರೋದೇ ಇಲ್ಲಿ. ಆ ಬೋರ್ಡಿನಲ್ಲಿ ಬಹುಪಾಲು ಇರೋದು ನಮ್ಮ ಕೇರಿಯ ವಿಚಾರವೇ. ನಮ್ಮವರ ಹೆಸರು ತೆಗೆದುಹಾಕಿ ಬರೆದಿದ್ದಾರೆ, ಅಷ್ಟೆ.

ಇದನ್ನ ನನಗೆ ತೋರಿಸಿಕೊಟ್ಟದ್ದು ಯಾವ ಪ್ರೊಫೆಸರೂ ಅಲ್ಲ, ಬೀದಿ ಗುಡಿಸುವ ನಮ್ಮ ದೊಡ್ಡವ್ವ. ಹೋದ ಜಾತ್ರೆಯ ಮಾರನೇ ದಿನ ಟೀ ಅಂಗಡಿ ಮುಂದೆ ಪೇಪರ್ ಹಿಡಿದು ಕೂತಿದ್ದೆ. ಪೊರಕೆ ಗೋಡೆಗೆ ಒರಗಿಸಿ ಕೇಳಿದಳು:

“ಏನ್ ಮಗಾ, ನಮ್ ಇಚಾರ ಏನಾರ ಬರ್ದವ್ರಾ?”

“ಜಾತ್ರೆ ಬೀದಿ ಕಸ ಎತ್ತಲಾಗಿದೆ ಅಂತ ಬರ್ದವ್ರೆ ದೊಡ್ಡವ್ವ.”

“ಎತ್ತಿದ್ದು ಯಾರಂತೆ?”

“ಅದ ಬರ್ದಿಲ್ಲ.”

“ಅಧ್ಯಕ್ಷ್ರು ಬಂದಿದ್ರಲ್ಲ, ಅದ ಬರ್ದವ್ರಾ?”

“ಅಧ್ಯಕ್ಷರು ಪರಿಶೀಲಿಸಿದರು ಅಂತ ಐತೆ. ಫೋಟೋನೂ ಹಾಕವ್ರೆ.”

“ಅಂಗಾದ್ರೆ ಅವ್ರೇ ಎತ್ತಿರ್ಬೇಕು ಬುಡು” ಅಂತ ನಕ್ಕು ಟೀ ಕುಡಿದು ಹೋದಳು.

ನಾನು ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ತಗೊಂಡವನು. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆದಿದ್ದೆ. ಆ ವ್ಯಾಕರಣದ ಒಳಗೆ ಜಾತಿ ಕೂತಿರೋದನ್ನ ಯಾರೂ ಪಾಠ ಮಾಡಿರಲಿಲ್ಲ. ಆಮೇಲೆ ಒಂದು ಚಳಿಗಾಲ ಪೂರ್ತಿ ನಗರಸಭೆಯ ಪ್ರಕಟಣೆಗಳನ್ನ ನೋಟ್‌ಬುಕ್ಕಿಗೆ ಬರೆದುಕೊಂಡೆ. ಉದ್ಘಾಟಿಸಿದರು, ಚಾಲನೆ ನೀಡಿದರು, ಸೂಚಿಸಿದರು, ಎಚ್ಚರಿಸಿದರು, ಶ್ಲಾಘಿಸಿದರು. ಈ ಕ್ರಿಯಾಪದಗಳಿಗೆಲ್ಲಾ ತಪ್ಪದೆ ಕರ್ತೃ ಇದ್ದಾನೆ. ಅವನಿಗೆ ಹೆಸರಿದೆ, ಹುದ್ದೆ ಇದೆ, ಹೆಸರಿನ ಹಿಂದೆ ‘ಶ್ರೀ’ ಇದೆ. ಗುಡಿಸಲಾಗಿದೆ, ಎತ್ತಲಾಗಿದೆ, ಹೂಳು ತೆಗೆಯಲಾಗಿದೆ, ತೆರವುಗೊಳಿಸಲಾಗಿದೆ. ಇಲ್ಲಿ ಕರ್ತೃವೇ ಇಲ್ಲ. ಬಗ್ಗಿ ಮಾಡೋ ಕೆಲಸ ಬಂದ ತಕ್ಷಣ ನಗರಸಭೆಯ ಕನ್ನಡದಲ್ಲಿ ಮನುಷ್ಯರು ಮಾಯವಾಗ್ತಾರೆ.

ಯಾವ ಕೆಲಸ ಅದು, ಅದೂ ಈ ಚಳಿಯಲ್ಲಿ? ನಮ್ಮ ಬಯಲುಸೀಮೆ ಊರುಗಳಲ್ಲಿ ಜನವರಿ ಬೆಳಿಗ್ಗೆ ಆರು ಗಂಟೆಗೆ ಎದುರಿನ ಮನುಷ್ಯನ ಮುಖ ಕಾಣಲ್ಲ, ಅಷ್ಟು ಮಂಜು. ಆ ಹೊತ್ತಿಗೆ ಇವರು ಹಾಜರಿ ಹಾಕಿರಬೇಕು. ಹಾಜರಿಗೆ ಎಷ್ಟೋ ಕಡೆ ಬೆರಳೊತ್ತುವ ಯಂತ್ರ ಇಟ್ಟಿದ್ದಾರೆ. ಪೊರಕೆ ಹಿಡಿದು ಹಿಡಿದು ರೇಖೆ ಸವೆದ ಬೆರಳು, ಮೇಲೆ ಚಳಿಗೆ ಒಡೆದ ಚರ್ಮ. ಯಂತ್ರ ಒಪ್ಪಲ್ಲ. ಒಪ್ಪದಿದ್ದರೆ ಮೇಸ್ತ್ರಿ ಮುಂದೆ ನಿಂತು “ಸ್ವಾಮಿ, ಬಂದಿದೀನಿ” ಅಂತ ಬೇಡಬೇಕು. ಕೆಲಸ ಮಾಡಿದ ಗುರುತಿಗೇ ಕೆಲಸಕ್ಕೆ ಬಂದಿಲ್ಲ ಅನ್ನಿಸಿಕೊಳ್ಳೋದು ನೋಡಿ.

ಚಳಿಗಾಲದ ಕಸಾನೂ ಬೇರೆ. ಇದು ಅವರೆಕಾಯಿ ಕಾಲ. ಊರೆಲ್ಲಾ ಸೊಗಡವರೆ ಸಾರು, ಹಿತಕಿದ ಬೇಳೆ ಅಂತ ಬಾಯಿ ಚಪ್ಪರಿಸುತ್ತೆ. ಸಿಪ್ಪೆ ಚೀಲಗಟ್ಟಲೆ ಬೀದಿಗೆ ಬೀಳುತ್ತೆ. ಮಂಜಿಗೆ ನೆಂದು ಭಾರವಾಗಿ ಎರಡೇ ದಿನಕ್ಕೆ ಕೊಳೆತು ನಾರುತ್ತೆ. ಅದು ಮುಗಿಯೋದರೊಳಗೆ ಸಂಕ್ರಾಂತಿ. ಕಬ್ಬಿನ ಸಿಪ್ಪೆ, ಬಾಳೆಕಂದು, ಮಾವಿನಸೊಪ್ಪು. ಆಮೇಲೆ ಎಲೆ ಉದುರೋ ಕಾಲ. ಗುಡಿಸಿ ಬೆನ್ನು ತಿರುಗಿಸೋದರಲ್ಲಿ ಬೀದಿ ಮತ್ತೆ ತುಂಬಿರುತ್ತೆ. ಕೈ ಮರಗಟ್ಟಿದಾಗ ನಾಲ್ಕು ಒಣಗಿದ ಎಲೆ ಗುಡ್ಡೆ ಹಾಕಿ ಬೆಂಕಿ ಕಾಯಿಸಿಕೊಂಡರೆ ಅದೂ ತಪ್ಪು, ಕಸ ಸುಡಬಾರದು ಅಂತ ನೋಟೀಸಿದೆ. ಸುಡಬಾರದು ಸರಿ, ಹೊಗೆ ಒಳ್ಳೇದಲ್ಲ, ನಾನೂ ಒಪ್ತೀನಿ. ಅದೇ ನೋಟೀಸಿನ ಕೆಳಗೆ ಒಂದು ಸ್ವೆಟರ್ ಕೊಡ್ತೀವಿ ಅಂತ ಇನ್ನೊಂದು ಸಾಲು ಬರೆಯೋಕೆ ಶಾಯಿ ಇರಲಿಲ್ಲವಾ?

ಎಷ್ಟು ಜನ ಈ ಕೆಲಸ ಮಾಡಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕು ಅಂತ ಹೇಳಿತು. ಸರ್ಕಾರ ಆಮೇಲೆ ಅದನ್ನ 700 ಜನರಿಗೆ ಒಬ್ಬ ಅಂತ ಮಾಡಿಕೊಂಡಿತು. ಲಕ್ಷ ಜನರ ಊರಿಗೆ ಸಾಲಪ್ಪ ಲೆಕ್ಕದಲ್ಲಿ 200 ಜನ ಬೇಕು, ಸರ್ಕಾರದ ಲೆಕ್ಕದಲ್ಲಿ 143. ಕಾಗದದ ಮೇಲೆಯೇ 57 ಜನ ಕಾಣೆಯಾದರು. ಅವರ ಪಾಲಿನ ಬೀದಿಗಳು ಕಾಣೆಯಾದವಾ? ಇಲ್ಲ. ಉಳಿದವರ ಬೆನ್ನ ಮೇಲೆ ಬಂದವು. ನಿಮ್ಮ ಊರಿನ ಜನಸಂಖ್ಯೆಯನ್ನ 500ರಿಂದ ಭಾಗಿಸಿ ನೋಡಿ. ಆಮೇಲೆ ಬೆಳಿಗ್ಗೆ ಹಾಜರಿ ಹೊತ್ತಿಗೆ ಹೋಗಿ ತಲೆ ಎಣಿಸಿ ನೋಡಿ. ಅರ್ಥಶಾಸ್ತ್ರ ಓದುವ ಗೆಳೆಯರಿಗೆ ಇದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ಸಿಗಲ್ಲ.

ಇನ್ನು ‘ಸ್ವಚ್ಛ ಸರ್ವೇಕ್ಷಣ’. 2016ರಲ್ಲಿ ಮೊದಲ ಸಲ ನಡೆದಾಗ 73 ನಗರಗಳ ಪೈಕಿ ಮೈಸೂರು ಮೊದಲು ಬಂತು. ನಾವೆಲ್ಲಾ ಹೆಮ್ಮೆ ಪಟ್ಟೆವು, ಪಡಬೇಕಾದ್ದೇ. 2019ರಲ್ಲೂ 2020ರಲ್ಲೂ ಸರ್ವೆ ಬಂದದ್ದು ಜನವರಿಯಲ್ಲಿ, ಮೈ ಕೊರೆಯೋ ಚಳಿಯಲ್ಲಿ. ಸರ್ವೆಯವರು ಬರ್ತಾರೆ ಅಂದರೆ ಗೋಡೆಗಳಿಗೆ ಬಣ್ಣ ಬರುತ್ತೆ, ಗಾಂಧೀಜಿಯ ಕನ್ನಡಕ ಬರುತ್ತೆ, ಗುಡಿಸೋರಿಗೆ ರಜೆ ಹೋಗುತ್ತೆ. ಬಹುಮಾನ ಬಂದರೆ ಊರಿನದು. ಬರದಿದ್ದರೆ ‘ಸಿಬ್ಬಂದಿಯ ನಿರ್ಲಕ್ಷ್ಯ’. ಬೈಗುಳದ ಹೊತ್ತಿಗೆ ಮಾತ್ರ ಕರ್ತೃ ಸಿಕ್ಕಿಬಿಡ್ತಾನೆ.

ಇನ್ನೊಂದು ಹೊತ್ತಿಗೂ ಸಿಗ್ತಾನೆ. ‘ಒಳಚರಂಡಿ ಕಟ್ಟಿಕೊಂಡಿದ್ದನ್ನು ಸರಿಪಡಿಸಲಾಗಿದೆ’ ಅಂತ ವರ್ಷವಿಡೀ ಬರೆಯೋರು ಒಂದು ದಿನ ಬರೀತಾರೆ: ‘ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕ ಉಸಿರುಗಟ್ಟಿ ಸಾವು’. ಬದುಕಿದ್ದಾಗ ಇಲ್ಲದ ಕರ್ತೃಸ್ಥಾನ ಸತ್ತಾಗ ಸಿಕ್ಕಿತು. ‘ಇಳಿದ’ ಅಂತೆ. ತಾನಾಗೇ ಇಳಿದನಾ? ಇಳಿಸಿದವನು ಯಾರು? ಆ ಒಂದು ಅಕ್ಷರದಲ್ಲಿ ಇಡೀ ಕೇಸೇ ಇದೆ. ಮಲ ಬಾಚುವ ಕೆಲಸಕ್ಕೆ ಮನುಷ್ಯರನ್ನ ಹಚ್ಚಬಾರದು ಅಂತ 1993ರಲ್ಲಿ ಒಂದು ಕಾಯ್ದೆ ಬಂತು. ಅದು ಸಾಲದೆ 2013ರಲ್ಲಿ ಇನ್ನೊಂದು ಬಂತು. ಅದು ಜಾರಿಗೆ ಬಂದ ದಿನ ಡಿಸೆಂಬರ್ 6, ಬಾಬಾಸಾಹೇಬರು ತೀರಿಕೊಂಡ ದಿನ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಹೀಗೆ ಸತ್ತವರ ಮನೆಗೆ 10 ಲಕ್ಷ ಕೊಡಬೇಕು ಅಂದಿತು. 2023ರ ಅಕ್ಟೋಬರ್ 20ರಂದು ಅದನ್ನ 30 ಲಕ್ಷಕ್ಕೆ ಏರಿಸಿತು. ಕಾಯ್ದೆ ಸರಿಯಾಗಿ ನಡೆದಿದ್ದರೆ ಪರಿಹಾರದ ಮೊತ್ತ ಏರಿಸೋ ಪ್ರಮೇಯವೇ ಬರ್ತಿರಲಿಲ್ಲ.

ಕೆಲವು ಗೆಳೆಯರು ನನಗೆ ಹೇಳ್ತಾರೆ: “ಏನಯ್ಯಾ ಕವಿ, ಸರ್ಕಾರಿ ಭಾಷೆ ಇರೋದೇ ಹಾಗೆ. ‘ಲಾಗಿದೆ’ ಅನ್ನೋ ಪದ ಹಿಡ್ಕೊಂಡು ಹೋರಾಟ ಮಾಡ್ತೀಯಾ? ಭೂಮಿ ಪ್ರಶ್ನೆ ಇದೆ, ಕೂಲಿ ಪ್ರಶ್ನೆ ಇದೆ.” ಇವೆ. ಯಾರು ಇಲ್ಲ ಅಂದರು? ಆದರೆ ಮುನ್ಸಿಪಾಲಿಟಿ ಕಾಗದವನ್ನ ಕಡೆಗಣಿಸೋದು ನಮ್ಮ ಚಳವಳಿಗೆ ಒಗ್ಗಲ್ಲ, ಯಾಕಂದರೆ ನಮ್ಮ ಚಳವಳಿ ಹುಟ್ಟಿದ್ದೇ ಅಂಥ ಒಂದು ಕಾಗದದ ಮೇಲೆ. ಕೊಂಕಣ ಸೀಮೆಯ ಮಹಾಡ್ ಒಂದು ಸಣ್ಣ ಊರು. 1924ರ ಜನವರಿ 5, ಚಳಿಗಾಲವೇ. ಅಲ್ಲಿನ ಮುನ್ಸಿಪಾಲಿಟಿ ಎಂದಿನ ಹಾಗೆ ಸಭೆ ಸೇರಿ ಒಂದು ಠರಾವು ಪಾಸು ಮಾಡಿತು. ಊರಿನ ಕೆರೆಗಳು ಅಸ್ಪೃಶ್ಯರಿಗೂ ಮುಕ್ತ ಅಂತ. ಬೊಂಬಾಯಿ ಶಾಸನಸಭೆಯಲ್ಲಿ 1923ರಲ್ಲಿ ಎಸ್.ಕೆ. ಬೋಲೆ ತಂದ ನಿರ್ಣಯಕ್ಕೆ ಅನುಸಾರವಾಗಿ ಮಾಡಿದ್ದು. ಪುಸ್ತಕದಲ್ಲಿ ಬರೆದು ಮುಚ್ಚಿಟ್ಟರು. ಮೂರು ವರ್ಷ ಒಬ್ಬ ಅಸ್ಪೃಶ್ಯನೂ ಚವದಾರ್ ಕೆರೆಗೆ ಕಾಲಿಡಲು ಆಗಲಿಲ್ಲ. ಕೆರೆ ಮುಕ್ತ ‘ಮಾಡಲಾಗಿದೆ’ ಅಷ್ಟೆ, ನೀರು ಮುಟ್ಟಿದೋರು ಯಾರೂ ಇಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಮುಟ್ಟಿ ಕುಡಿದರು. ಆಗ ಎಚ್ಚರಾಯಿತು ನೋಡಿ ಮುನ್ಸಿಪಾಲಿಟಿಗೆ! ಅದೇ ಆಗಸ್ಟ್ 4ಕ್ಕೆ ಸಭೆ ಸೇರಿ ತನ್ನ ಠರಾವನ್ನ ತಾನೇ ವಾಪಸ್ ತಗೊಂಡಿತು. ಕೋರ್ಟು ಕಚೇರಿ ಹತ್ತಿ, 1937ರ ಮಾರ್ಚ್‌ನಲ್ಲಿ ಬೊಂಬಾಯಿ ಹೈಕೋರ್ಟು ನಮ್ಮವರ ಕಡೆ ತೀರ್ಪು ಕೊಡೋವರೆಗೆ ಹತ್ತು ವರ್ಷ ಹಿಡಿಯಿತು.

ಬಾಬಾಸಾಹೇಬರು ಆ ಠರಾವನ್ನ ಯಾವುದೋ ಊರಿನ ಮಾಮೂಲಿ ವಿಚಾರ ಅಂತ ಬಿಟ್ಟಿದ್ದರೆ?

ನಮ್ಮ ರಾಜ್ಯದಲ್ಲೇ ನೋಡಿ. ಬಿ. ಬಸವಲಿಂಗಪ್ಪ ಅಂದರೆ ಎಲ್ಲರಿಗೂ ನೆನಪಾಗೋದು 1973ರ ಬೂಸಾ ಗಲಾಟೆ. ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧ ಮಾಡಿದ್ದೂ ಅದೇ ಮನುಷ್ಯ. ಅವರ ಮಾತಿಗೆ ಬೀದಿಗಿಳಿದು ಬೆಂಕಿಯಾದ ಕನ್ನಡ, ತಲೆ ಮೇಲಿಂದ ಸೋರುತ್ತಿದ್ದ ಬುಟ್ಟಿಯ ಬಗ್ಗೆ ಅಷ್ಟು ಕಾಲ ತಣ್ಣಗೇ ಇತ್ತು. ನಿಷೇಧ ಆಗಿ ಮೂವತ್ತು ವರ್ಷದ ಮೇಲಾದ ನಂತರ, 2010ರ ಜುಲೈನಲ್ಲಿ ಹಾವೇರಿ ಜಿಲ್ಲೆ ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಅವರನ್ನ ಇದ್ದ ಜಾಗದಿಂದ ಎಬ್ಬಿಸೋಕೆ ಹೊರಟಿದ್ದರು. ಅರ್ಜಿ ಕೊಟ್ಟಾಗ ಕಾಣದವರು ಆವತ್ತು ಕಂಡರು. ರಾಜ್ಯಕ್ಕೇ ಕಂಡರು. ಮನುಷ್ಯ ತಾನು ಇದೀನಿ ಅಂತ ತೋರಿಸೋಕೆ ಇಷ್ಟು ಮಾಡಬೇಕಾದರೆ ಆ ಊರಿನ ಕಾಗದಗಳಲ್ಲಿ ಅವನು ಎಷ್ಟು ವರ್ಷ ಇಲ್ಲವಾಗಿದ್ದಿರಬೇಕು, ಲೆಕ್ಕ ಹಾಕಿ.

ಬರೀ ಗೋಳು ಹೇಳ್ತಿಲ್ಲ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ನಾಲ್ಕೇ ದಿನಕ್ಕೆ ಊರುಗಳಿಗೆ ಕರ್ತೃ ಯಾರು ಅಂತ ಗೊತ್ತಾಗಿಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ 11,133 ಜನರನ್ನ ಖಾಯಂ ಮಾಡಲು ಸಂಪುಟ ಒಪ್ಪಿತು. ಗಾಡಿ ಓಡಿಸೋರು, ಕಸ ತುಂಬೋರು, ಒಳಚರಂಡಿ ಕೆಲಸದೋರು ಆ ಲೆಕ್ಕದಿಂದ ಹೊರಗೇ ಉಳಿದರು. ಪ್ರತಿ ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಅಂತ ಹಾರ ಹಾಕ್ತಾರೆ. ಹಾರಕ್ಕೆ ಕರ್ತೃ ಯಾರು ಅಂತ ನಿಮಗೇ ಗೊತ್ತು.

ಈಗ ನಮ್ಮ 24.10ಕ್ಕೆ ಬರೋಣ. ಅದು ಯಾರೋ ದಾನಿಗಳು ಹಾಕಿದ ಭಿಕ್ಷೆ ಅಲ್ಲ. ರಾಜ್ಯದಲ್ಲಿ ಪರಿಶಿಷ್ಟ ಜಾತಿ ಶೇ. 17.15, ಪಂಗಡ ಶೇ. 6.95, ಎರಡೂ ಕೂಡಿದರೆ 24.10. ಜನಸಂಖ್ಯೆಯ ಪಾಲು. ಅದು ಬಜೆಟ್ಟಿನಲ್ಲಿ ಮೊದಲೇ ಇರಬೇಕಾದ ದುಡ್ಡು. ಆದರೆ ಅರ್ಜಿ ಕರೆಯೋ ನೋಟೀಸು ಎಷ್ಟೋ ಕಡೆ ಬೋರ್ಡಿಗೆ ಹತ್ತೋದು ಈ ಚಳಿಗಾಲದ ಕೊನೆಗೆ, ಅದೂ ವಾರ ಹತ್ತು ದಿನದ ಗಡುವು ಇಟ್ಟು. ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಅಂತ ತಾಲ್ಲೂಕು ಆಫೀಸಿಗೆ ಅಲೆಯೋದರಲ್ಲಿ ಗಡುವು ಮುಗಿದಿರುತ್ತೆ. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತೆ. ‘ಸೂಕ್ತ ಅರ್ಜಿದಾರರು ಬಾರದ ಕಾರಣ’ ಅಂತ ಒಂದು ಸಾಲು ಬರೀತಾರೆ. ನೋಡಿ, ಇಲ್ಲೂ ಕರ್ತೃ ಸಿಕ್ಕ. ಬಾರದೋನು ನೀನೇ!

ಆದ್ದರಿಂದ ಗೆಳೆಯರೇ, ನೋಟೀಸು ಬರೋವರೆಗೆ ಕಾಯಬೇಡಿ. ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಬರೋದು ವರ್ತಕರ ಸಂಘದೋರು, ಪಾರ್ಕು ಕೇಳೋ ಬಡಾವಣೆಯೋರು. ಬಾಗಿಲಲ್ಲಿ ಯಾರೂ ತಡೆಯಲ್ಲ. ತಡೆದರೆ ಅದೂ ಒಂದು ಸುದ್ದಿ. ಹಿಂದಿನ ಚಳಿಗಾಲದಲ್ಲಿ ಹೋಗಿ ಒಂದೇ ಪ್ರಶ್ನೆ ಕೇಳಿದೆವು: ಹೋದ ವರ್ಷದ 24.10 ಎಷ್ಟಿತ್ತು, ಎಷ್ಟು ಖರ್ಚಾಯಿತು? ಸಭೆ ಸ್ವಲ್ಪ ಹೊತ್ತು ಗಪ್‌ಚಿಪ್. “ಪರಿಶೀಲಿಸಲಾಗುವುದು” ಅಂದರು ಸಾಹೇಬರು. “ಯಾರು ಪರಿಶೀಲಿಸ್ತೀರಿ ಸಾರ್?” ಅಂತ ನಮ್ಮ ಜೊತೆಗಿದ್ದ ಪಿ.ಯು.ಸಿ. ಹುಡುಗಿ ಕೇಳಿದಳು. ಅಕೌಂಟ್ಸ್ ಗುಮಾಸ್ತರ ಹೆಸರು ಹೇಳಲೇಬೇಕಾಯಿತು.

ಬಾಯಲ್ಲಿ ಕೇಳಿದ್ದಕ್ಕೆ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಬಡತನ ರೇಖೆಗಿಂತ ಕೆಳಗಿರೋರಿಗೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೀಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಕೇಳಬೇಕಾದ್ದು ಬೇಕಾದಷ್ಟಿದೆ: ಹಾಜರಿ ಪುಸ್ತಕದ ನಕಲು, ಗಂಬೂಟು ಗ್ಲೌಸು ಕೊಂಡ ಬಿಲ್ಲು, ಒಳಚರಂಡಿ ಯಂತ್ರದ ಲಾಗ್ ಬುಕ್. ಯಂತ್ರ ಶೆಡ್ಡಿನಲ್ಲಿ ಕೆಟ್ಟು ನಿಂತಿದ್ದ ದಿನ ಯಾವ ಬೀದಿಯ ಚರಂಡಿ ‘ಸರಿಪಡಿಸಲಾಗಿದೆ’ ಅಂತ ಪೇಪರಿನಲ್ಲಿ ಬಂದಿದೆಯೋ ಆ ತಾರೀಖನ್ನ ಹೊಂದಿಸಿ ನೋಡಿ. ಆ ದಿನ ಒಳಗೆ ಇಳಿದದ್ದು ಯಂತ್ರ ಅಲ್ಲ.

ಮುಂದಿನ ಸಭೆಗೆ ಬರೋವಾಗ ನಿಮ್ಮ ನಿಮ್ಮ ಊರಿನ ಡಿಸೆಂಬರ್, ಜನವರಿ ಪ್ರಕಟಣೆಗಳನ್ನ ಬರೆದುಕೊಂಡು ತನ್ನಿ. ಪೇಪರ್ ಕತ್ತರಿಸಿ ತಂದರೂ ಸರಿ, ಬೋರ್ಡು ನೋಡಿ ನಕಲು ಮಾಡಿ ತಂದರೂ ಸರಿ. ಎದುರಿಗೆ, ಆ ಕೆಲಸ ಮಾಡಿದವರನ್ನೇ ಕೇಳಿ, ಅವರು ಒಪ್ಪಿದರೆ ಮಾತ್ರ ಹೆಸರು ಬರೆಯಿರಿ. ಒಪ್ಪದಿದ್ದರೆ ಎಷ್ಟು ಜನ, ಎಷ್ಟು ಗಂಟೆಗೆ ಬಂದರು, ಏನು ಉಂಡರು ಅಂತ ಬರೆದರೆ ಸಾಕು. ನಮ್ಮ ದೊಡ್ಡವ್ವ ಆಗಲೇ ಒಪ್ಪಿದಾಳೆ. ಮೇಸ್ತ್ರಿ ಹೆಸರನ್ನೂ ಬರ್ಕೊ ಅಂತ ಹೇಳಿದಾಳೆ.